ಒಂದೇ ದಿಕ್ಕಿನ ಹಟ: ಹಿಂದಿನ ಡಿರೇಲರ್‌ನ ಕ್ಲಚ್ ಮಾಡುವ ಕೆಲಸ

ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ಡಾಂಬರು ಬಿಟ್ಟು ಪಕ್ಕದ ಮಣ್ಣುದಾರಿಗೆ ಸೈಕಲ್ ತಿರುಗಿಸಿ ಐದು ನಿಮಿಷವೂ ಆಗಿರಲಿಲ್ಲ, ಹಿಂದೆ ಬರುತ್ತಿದ್ದ ಅಳಿಯನ ಸೈಕಲ್ಲಿನಿಂದ ಶಬ್ದ ಶುರುವಾಯಿತು. ಚಟ್, ಚಟ್, ಚಟಚಟ. ಮಳೆನೀರು ಕೊರೆದ ಕೊರಕಲು, ಮೇಲೆದ್ದ ಬೇರು, ಕೆಂಪುಕಲ್ಲಿನ ಚೂರು ತುಂಬಿದ ಇಳಿಜಾರು ಅದು. ಪ್ರತಿ ಕುಲುಕಿಗೂ ಅವನ ಚೈನು ಫ್ರೇಮಿನ ಕೊಳವೆಗೆ ಬಡಿಯುತ್ತಿತ್ತು. ಒಂದು ತಿರುವಿನಲ್ಲಿ ಶಬ್ದ ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಸೈಕಲ್ಲಿನಿಂದ ಇಳಿದು ನಿಂತಿದ್ದ. "ಮಾವಾ, ಚೈನ್ ಮತ್ತೆ ಬಿದ್ದೋತು."

ಆ ದಿನಕ್ಕೆ ಅದು ಮೂರನೇ ಸಲ. ಕಾರವಾರದಲ್ಲಿ ಅವನು ಯಾರಿಂದಲೋ ಕೊಂಡ ಹಳೆಯ ಸೈಕಲ್. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೊಂದು. ಚೈನ್ ಬೀಳುತ್ತದೆ ಅಂದಾಗ ಅಂಗಡಿಯವರು ಹೊಸ ಚೈನ್ ಹಾಕಿಸಿ ಅಂದಿದ್ದರಂತೆ, ಹಾಕಿಸಿದ್ದೂ ಆಗಿತ್ತು. ಆದರೂ ಬೀಳುವುದು ನಿಂತಿರಲಿಲ್ಲ. ನಾನು ಕೂತು ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸುವಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ನೋಡಿದೆ. ಅದರ ಮೈಮೇಲೆ ಕಿರುಬೆರಳಿನ ತುದಿಯಷ್ಟು ದೊಡ್ಡ ಒಂದು ಲಿವರ್ ಇತ್ತು, ಕ್ಲಚ್ಚಿನದು, ಅದು ಆಫ್ ಆಗಿತ್ತು. ಎಂದೋ ಕಾರಿಗೆ ಹೇರಲು ಚಕ್ರ ಬಿಚ್ಚಿದಾಗ ಯಾರೋ ತಿರುಗಿಸಿದ್ದು ಹಾಗೇ ಉಳಿದಿತ್ತು. ಆನ್ ಮಾಡಿದೆ. ಶಬ್ದ ಅರ್ಧಕ್ಕರ್ಧ ಇಳಿಯಿತು. ಪೂರ್ತಿ ಹೋಗದೆ ಉಳಿದ ಅರ್ಧದ ಕಾರಣ ಮನೆಗೆ ಬಂದಮೇಲೆ ಸಿಕ್ಕಿತು, ಅದನ್ನು ಆಮೇಲೆ ಹೇಳುತ್ತೇನೆ. "ಇದು ಎಂತಕ್ಕೆ ಮಾವಾ?" ಎಂದು ಅವನು ಅಲ್ಲೇ ಕೇಳಿದ್ದ. ದಾರಿಯಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಕೊಟ್ಟೆ. ಆದರೆ ಇದು ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕ್ಲಚ್ ಅಂದ ಕೂಡಲೆ ನಮಗೆ ನೆನಪಾಗುವುದು ಮೋಟಾರು ಬೈಕಿನ ಕ್ಲಚ್. ಅದು ಇಂಜಿನ್ನಿಗೂ ಚಕ್ರಕ್ಕೂ ಇರುವ ಸಂಬಂಧವನ್ನು ಬಿಡಿಸುತ್ತದೆ, ಕೂಡಿಸುತ್ತದೆ. ಸೈಕಲ್ಲಿನ ಡಿರೇಲರ್‌ನಲ್ಲಿರುವ ಕ್ಲಚ್ಚಿಗೂ ನೀವು ಪೆಡಲ್ ತುಳಿದ ಬಲಕ್ಕೂ ಸಂಬಂಧವೇ ಇಲ್ಲ. ಅದನ್ನು ಆಫ್ ಮಾಡಿದರೂ ಸೈಕಲ್ ಓಡುತ್ತದೆ, ಗೇರ್ ಬೀಳುತ್ತದೆ. ಅದು ಹಿಡಿದುಕೊಂಡಿರುವುದು ಒಂದೇ ಒಂದು ಭಾಗವನ್ನು. ಡಿರೇಲರ್‌ನಿಂದ ಕೆಳಗೆ ಇಳಿಬಿದ್ದ, ಎರಡು ಪುಟ್ಟ ಪುಲ್ಲಿಗಳಿರುವ ತೋಳನ್ನು. ಈ ತೋಳಿಗೆ ಕೇಜ್ ಎನ್ನುತ್ತಾರೆ.

ಕೇಜ್ ಯಾಕೆ ಬೇಕು ಎಂದು ತಿಳಿದರೆ ಕ್ಲಚ್ ಯಾಕೆ ಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಹಿಂದೆ 11 ಹಲ್ಲಿನ ಸಣ್ಣ ಚಕ್ರದಿಂದ 51 ಹಲ್ಲಿನ ದೊಡ್ಡ ಚಕ್ರದವರೆಗೆ ಗೇರ್ ಇದೆ ಅಂದುಕೊಳ್ಳಿ. ದೊಡ್ಡದಕ್ಕೆ ಸುತ್ತಲು ಹೆಚ್ಚು ಚೈನು ಬೇಕು, ಸಣ್ಣದಕ್ಕೆ ಕಡಿಮೆ ಸಾಕು. ಎಷ್ಟು ವ್ಯತ್ಯಾಸ? ಚೈನು ಚಕ್ರವನ್ನು ಸುಮಾರು ಅರ್ಧ ಸುತ್ತು ಮಾತ್ರ ಅಪ್ಪಿಕೊಂಡಿರುವುದರಿಂದ 40 ಹಲ್ಲಿನ ಅಂತರಕ್ಕೆ ಹೆಚ್ಚುಕಡಿಮೆ 20 ಕೊಂಡಿ. ಒಂದೊಂದು ಕೊಂಡಿ 12.7 ಮಿ.ಮೀ. ಅಂದರೆ 25 ಸೆಂ.ಮೀ. ಚೈನು, ಒಂದು ಗೇಣಿಗಿಂತ ತುಸು ಹೆಚ್ಚು. ನೀವು ಸಣ್ಣ ಚಕ್ರದಲ್ಲಿರುವಾಗ ಈ ಒಂದು ಗೇಣು ಚೈನು ಎಲ್ಲಾದರೂ ಇರಬೇಕಲ್ಲ? ಅದನ್ನು ಮಡಚಿ ಇಟ್ಟುಕೊಳ್ಳುವುದು ಕೇಜ್. ಸಣ್ಣ ಚಕ್ರಕ್ಕೆ ಹೋದಾಗ ಅದರ ಕೆಳತುದಿ ಹಿಂದಕ್ಕೆ ಸರಿದು ಉಳಿದ ಚೈನನ್ನು ಎಳೆದುಕೊಳ್ಳುತ್ತದೆ. ದೊಡ್ಡ ಚಕ್ರಕ್ಕೆ ಹೋದಾಗ ಮುಂದಕ್ಕೆ ಚಾಚಿ ಚೈನನ್ನು ಬಿಟ್ಟುಕೊಡುತ್ತದೆ. ಹಿಂದಕ್ಕೆ ಎಂದರೆ ಚೈನು ಎಳೆದುಕೊಳ್ಳುವುದು, ಮುಂದಕ್ಕೆ ಎಂದರೆ ಬಿಟ್ಟುಕೊಡುವುದು. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕೇಜನ್ನು ಸದಾ ಹಿಂದಕ್ಕೆ ಎಳೆಯುತ್ತಿರುವುದು ಅದರ ಬುಡದಲ್ಲಿರುವ ಒಂದು ಸ್ಪ್ರಿಂಗ್. ನುಣುಪಾದ ರಸ್ತೆಯಲ್ಲಿ ಆ ಸ್ಪ್ರಿಂಗ್ ಸಾಕು. ಕಲ್ಲುದಾರಿಯಲ್ಲಿ ಸಾಲದು. ಹಿಂದಿನ ಚಕ್ರ ಕಲ್ಲಿಗೆ ಬಡಿದು ಮೇಲಕ್ಕೆ ಚಿಮ್ಮಿದಾಗ ಸೈಕಲ್ ಮೇಲೇಳುತ್ತದೆ, ಆದರೆ ಚೈನಿಗೂ ತನ್ನದೇ ತೂಕವಿದೆಯಲ್ಲ, ಅದರ ಕೆಳಸಾಲು ಇದ್ದಲ್ಲೇ ಉಳಿಯಲು ನೋಡುತ್ತದೆ. ಕೆಳಸಾಲು ಬಿಲ್ಲಿನಂತೆ ಜೋಲು ಬೀಳುತ್ತದೆ. ಜೋಲು ಬೀಳಲು ಹೆಚ್ಚು ಚೈನು ಬೇಕು, ಅದನ್ನು ಕೇಜಿನಿಂದಲೇ ಕಿತ್ತುಕೊಳ್ಳುತ್ತದೆ. ಕೇಜ್ ಮುಂದಕ್ಕೆ ಜಗ್ಗಿಸಿಕೊಳ್ಳುತ್ತದೆ. ಮರುಕ್ಷಣ ಚೈನು ಮೇಲಕ್ಕೆ ಹಾರಿ ಕೊಳವೆಗೆ ಬಡಿಯುತ್ತದೆ. ಅದೇ ಆ ಚಟ್ ಶಬ್ದ. ಅಲೆ ಮುಂದಿನ ಹಲ್ಲುಚಕ್ರದವರೆಗೂ ಓಡಿದರೆ ಹಲ್ಲಿನಿಂದ ಚೈನು ಎದ್ದು ಪಕ್ಕಕ್ಕೆ ಜಾರುತ್ತದೆ. ಪೆಡಲ್ ತುಳಿಯುತ್ತಿರುವಾಗ ಮೇಲಿನ ಸಾಲಾದರೂ ಬಿಗಿಯಾಗಿರುತ್ತದೆ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಜಾರುವಾಗ ಮೇಲೂ ಬಿಗಿಯಿಲ್ಲ, ಕೆಳಗೂ ಇಲ್ಲ. ಅಳಿಯನ ಚೈನು ಘಟ್ಟ ಹತ್ತುವಾಗ ಒಮ್ಮೆಯೂ ಬೀಳದೆ ಇಳಿಯುವಾಗಲೇ ಮೂರು ಸಲ ಬಿದ್ದದ್ದು ಇದಕ್ಕೇ.

ಹಾಗಾದರೆ ಇನ್ನೂ ಬಲವಾದ ಸ್ಪ್ರಿಂಗ್ ಹಾಕಿದರೆ ಆಗದೇ? ಇಲ್ಲಿಯೇ ಈ ಉಪಾಯದ ಸೊಗಸಿರುವುದು. ಸ್ಪ್ರಿಂಗಿಗೆ ಬಿಡುವಿಲ್ಲ. ಕಲ್ಲಿರಲಿ, ಬಯಲಿರಲಿ, ಅದು ಎಳೆಯುತ್ತಲೇ ಇರುತ್ತದೆ. ಬಲವಾದ ಸ್ಪ್ರಿಂಗ್ ಹಾಕಿದರೆ ಆ ಬಿಗಿಯಲ್ಲೇ ಚೈನು ಪುಲ್ಲಿಗಳ ಮೇಲೆ ಸುತ್ತಬೇಕು, ಪೆಡಲ್ ತುಳಿದ ಪ್ರತಿ ಸುತ್ತಿಗೂ ಒಂದಿಷ್ಟು ಬಲ ಅಲ್ಲಿ ಸೋರುತ್ತದೆ. ಘರ್ಷಣೆಯ ಗುಣ ಬೇರೆ. ಕೇಜ್ ಅಲುಗಾಡದೆ ಇರುವಷ್ಟು ಹೊತ್ತು ಘರ್ಷಣೆ ಚೈನನ್ನು ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ. ಯಾರಾದರೂ ಕೇಜನ್ನು ಕದಲಿಸಲು ಬಂದಾಗ ಮಾತ್ರ ಅದು ಎದುರು ನಿಲ್ಲುತ್ತದೆ. ಕ್ಲಚ್ ಆನ್ ಇದ್ದರೆ ತುಳಿಯುವುದು ಭಾರವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಸಮ ರಸ್ತೆಯಲ್ಲಿ ಒಂದೇ ಗೇರಿನಲ್ಲಿ ತುಳಿಯುವಾಗ ಚೈನು ಓಡುತ್ತಿದ್ದರೂ ಕೇಜ್ ನಿಂತಲ್ಲೇ ನಿಂತಿರುತ್ತದೆ. ನಿಂತ ಕೇಜಿಗೆ ಕ್ಲಚ್ ಏನೂ ಮಾಡುವುದಿಲ್ಲ.

ಆದರೆ ಬರೀ ಘರ್ಷಣೆ ಹಾಕಿದರೂ ಆಗದು. ಎರಡೂ ದಿಕ್ಕಿಗೆ ಬಿಗಿ ಮಾಡಿದರೆ ಕೇಜ್ ಹಿಂದಕ್ಕೆ ಹೋಗುವಾಗಲೂ ತಡೆ. ಆಗ ಸ್ಪ್ರಿಂಗ್ ಪಾಪ ಅದರ ಜೊತೆ ಗುದ್ದಾಡಬೇಕು. ಒಮ್ಮೆ ಮುಂದಕ್ಕೆ ಹೋದ ಕೇಜ್ ಅಲ್ಲೇ ಕೂತು, ಚೈನು ಜೋತಾಡುತ್ತಲೇ ಇರುತ್ತಿತ್ತು. ಬೇಕಾದದ್ದು ಮುಂದಕ್ಕೆ ಬಿಗಿ, ಹಿಂದಕ್ಕೆ ಸಲೀಸು. ಬಿಟ್ಟುಕೊಡುವಾಗ ಹಟ, ಎಳೆದುಕೊಳ್ಳುವಾಗ ಚುರುಕು. ಇದನ್ನು ಸಾಧಿಸಲು ಒಳಗೆ ಎರಡು ಭಾಗಗಳು ಜೊತೆಯಾಗಿ ಕೆಲಸ ಮಾಡುತ್ತವೆ.

ಮೊದಲನೆಯದು ಒಂದೇ ಕಡೆ ತಿರುಗುವ ರೋಲರ್. ಹಿಂದಿನ ಚಕ್ರದ ಫ್ರೀವೀಲ್ ಎಲ್ಲರಿಗೂ ಗೊತ್ತು, ಪೆಡಲ್ ಹಿಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಎಂದು ಸುಮ್ಮನೆ ತಿರುಗುತ್ತದೆ, ಮುಂದಕ್ಕೆ ತುಳಿದರೆ ಕಚ್ಚಿಕೊಳ್ಳುತ್ತದೆ. ಇದೂ ಅದೇ ಜಾತಿ, ಆದರೆ ಹಲ್ಲಿಲ್ಲ, ಸದ್ದಿಲ್ಲ. ಕೇಜಿನ ಅಚ್ಚಿನ ಸುತ್ತ ಸೂಜಿಯಂಥ ತೆಳ್ಳಗಿನ ಉಕ್ಕಿನ ಉರುಳೆಗಳು ಓರೆಯಾದ ಗೂಡುಗಳಲ್ಲಿ ಕೂತಿರುತ್ತವೆ. ಅಚ್ಚು ಒಂದು ಕಡೆ ತಿರುಗಿದರೆ ಉರುಳೆಗಳು ಗೂಡಿನ ಅಗಲವಾದ ಭಾಗಕ್ಕೆ ಸರಿದು ಹಗುರಾಗಿ ಉರುಳುತ್ತವೆ. ಇನ್ನೊಂದು ಕಡೆ ತಿರುಗಿದರೆ ಇಕ್ಕಟ್ಟಾದ ಮೂಲೆಗೆ ಸರಿದು ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡಾಗ ಅಚ್ಚೂ ಹೊರಗಿನ ಉಕ್ಕಿನ ಬಳೆಯೂ ಒಂದೇ ತುಂಡಿನಂತಾಗಿ ಜೊತೆಗೇ ತಿರುಗಬೇಕಾಗುತ್ತದೆ.

ಎರಡನೆಯದು ಆ ಬಳೆಯನ್ನು ಹಿಡಿದಿರುವ ಪಟ್ಟಿ. ಕಾರವಾರದ ಬೈತಖೋಲ್ ಬಂದರಿನಲ್ಲಿ ದೋಣಿ ದಡಕ್ಕೆ ಬಂದಾಗ ನೋಡಿ. ಹಗ್ಗವನ್ನು ಗೂಟಕ್ಕೆ ಒಂದೆರಡು ಸುತ್ತು ಸುತ್ತಿ ತುದಿಯನ್ನು ಕೈಯಲ್ಲಿ ಹಿಡಿದರೆ ಸಾಕು, ಅಷ್ಟು ದೊಡ್ಡ ದೋಣಿ ಒಬ್ಬನ ಕೈಯಲ್ಲಿ ನಿಲ್ಲುತ್ತದೆ. ಅಲೆ ಜೋರಾಗಿ ಎಳೆದರೆ ಹಗ್ಗ ಕಡಿಯುವುದಿಲ್ಲ, ಗೂಟದ ಸುತ್ತ ತುಸು ಜಾರಿ ಮತ್ತೆ ನಿಲ್ಲುತ್ತದೆ. ಕೈಯ ಬಿಗಿ ಹೆಚ್ಚಿಸಿದರೆ ಜಾರುವುದು ಕಡಿಮೆ, ಸಡಿಲ ಬಿಟ್ಟರೆ ಹೆಚ್ಚು. ಡಿರೇಲರ್ ಒಳಗಿನ ಉಕ್ಕಿನ ಪಟ್ಟಿ ಬಳೆಯ ಸುತ್ತ ಹೀಗೆಯೇ ಸುತ್ತಿಕೊಂಡಿದೆ. ಕೇಜನ್ನು ಮುಂದಕ್ಕೆ ಜಗ್ಗಿದಾಗ ಉರುಳೆ ಕಚ್ಚಿ ಬಳೆ ತಿರುಗಲು ಹೊರಡುತ್ತದೆ, ಪಟ್ಟಿ ಬಿಡುವುದಿಲ್ಲ. ಗೇರ್ ಬದಲಿಸುವಷ್ಟು ಬಲ ಬಂದರೆ ಮಾತ್ರ ಜಾರಿಕೊಡುತ್ತದೆ. ಕೇಜ್ ಹಿಂದಕ್ಕೆ ಹೋಗುವಾಗ ಉರುಳೆ ಕಚ್ಚುವುದೇ ಇಲ್ಲ, ಪಟ್ಟಿಗೆ ಕೆಲಸವೇ ಇಲ್ಲ, ಸ್ಪ್ರಿಂಗ್ ಥಟ್ಟನೆ ಎಳೆದುಕೊಳ್ಳುತ್ತದೆ. ಹೊರಗಿನ ಲಿವರ್ ತಿರುಗಿಸಿದರೆ ಒಳಗೆ ಒಂದು ಓರೆ ತುಂಡು ತಿರುಗಿ ಪಟ್ಟಿಯನ್ನು ಬಿಗಿಮಾಡುತ್ತದೆ ಅಥವಾ ಸಡಿಲಿಸುತ್ತದೆ. ಆನ್, ಆಫ್ ಅಂದರೆ ಇಷ್ಟೇ.

ಇದು ಶಿಮಾನೊ ಕಂಪನಿಯ ದಾರಿ. 2011ರಲ್ಲಿ ಎಕ್ಸ್‌ಟಿಆರ್ ಎಂಬ ತನ್ನ ಮೇಲ್ದರ್ಜೆಯ ಬೆಟ್ಟದ ಸೈಕಲ್ ಸಾಮಗ್ರಿಯಲ್ಲಿ ಅದು ಈ ಕ್ಲಚ್ ತಂದಿತು. ಮರುವರ್ಷ ಸ್ರ್ಯಾಮ್ ಕಂಪನಿಯೂ ತನ್ನದನ್ನು ತಂದಿತು. ಅದರಲ್ಲೂ ಒಂದೇ ಕಡೆ ತಿರುಗುವ ರೋಲರ್ ಇದೆ, ಆದರೆ ಆಫ್ ಮಾಡುವ ಲಿವರ್ ಇಲ್ಲ. ಬದಲಿಗೆ ಕೇಜನ್ನು ಕೈಯಿಂದ ಮುಂದಕ್ಕೆ ಚಾಚಿ ಹಿಡಿದು ಒಂದು ಗುಂಡಿ ಒತ್ತಿದರೆ ಕೇಜ್ ಅಲ್ಲೇ ನಿಲ್ಲುತ್ತದೆ. ಅದೇ 2012ರಲ್ಲಿ ಸ್ರ್ಯಾಮ್ ಮುಂದೆ ಒಂದೇ ಹಲ್ಲುಚಕ್ರ ಇರುವ ಎಕ್ಸ್‌ಎಕ್ಸ್1 ತಂದಾಗ ಕ್ಲಚ್ಚಿನ ಬೆಲೆ ನಿಜವಾಗಿ ಗೊತ್ತಾಯಿತು. ಮುಂದೆ ಎರಡು ಮೂರು ಚಕ್ರಗಳಿದ್ದಾಗ ಮುಂದಿನ ಡಿರೇಲರ್ ಚೈನಿನ ಎರಡೂ ಬದಿಗೆ ಗೋಡೆಯಂತೆ ನಿಂತು ಕಾಯುತ್ತಿತ್ತು. ಒಂದೇ ಚಕ್ರವಾದಾಗ ಆ ಗೋಡೆ ಹೋಯಿತು. ಚೈನು ಬೀಳದಂತೆ ಹಿಡಿಯುವ ಹೊಣೆ ಎರಡಕ್ಕೆ ಬಂತು, ಒಂದು ಅಗಲ ಒಂದು ಕಿರಿದು ಹೀಗೆ ಒಂದು ಬಿಟ್ಟು ಒಂದು ಹಲ್ಲಿರುವ ಮುಂದಿನ ಚಕ್ರ, ಇನ್ನೊಂದು ಹಿಂದಿನ ಕ್ಲಚ್. ಆಮೇಲೆ ಇದು ಜಲ್ಲಿದಾರಿಯ ಸೈಕಲ್‌ಗಳಿಗೂ ಬಂತು, 2019ರ ಶಿಮಾನೊ ಜಿಆರ್‌ಎಕ್ಸ್, 2020ರ ಕ್ಯಾಂಪಾಗ್ನೋಲೊ ಎಕಾರ್ ಹೀಗೆ. 2019ರಲ್ಲೇ ಸ್ರ್ಯಾಮ್ ರಸ್ತೆ ಸೈಕಲ್ಲಿಗೆ ತಂದ ಇನ್ನೊಂದು ಬಗೆ ನನಗೆ ಬಹಳ ಹಿಡಿಸಿತು. ಅದರಲ್ಲಿ ಘರ್ಷಣೆಯ ಪಟ್ಟಿಯ ಬದಲು ಸಿಲಿಕೋನ್ ದ್ರವವಿದೆ. ಜೋನಿಬೆಲ್ಲದಲ್ಲಿ ಚಮಚ ಆಡಿಸಿದ ಹಾಗೆ, ನಿಧಾನಕ್ಕೆ ಆಡಿಸಿದರೆ ದಾರಿ ಕೊಡುತ್ತದೆ, ರಭಸದಿಂದ ಆಡಿಸಿದರೆ ತಡೆಯುತ್ತದೆ. ಕಲ್ಲಿನ ಏಟು ರಭಸದ್ದು, ಹಾಗಾಗಿ ತಡೆ ಸಿಗುವುದು ಮುಖ್ಯವಾಗಿ ಅದಕ್ಕೆ.

ಈಗ ದಿಕ್ಕಿನ ಮಾತಿಗೆ ಮರಳೋಣ. ಕ್ಲಚ್ ಇರುವ ಸೈಕಲ್ಲಿನಲ್ಲಿ ಏರಿಗೆ ಬೇಕಾದ ದೊಡ್ಡ ಚಕ್ರಕ್ಕೆ ಗೇರ್ ಹಾಕುವಾಗ ಹೆಬ್ಬೆರಳಿಗೆ ಹ್ಯಾಂಡಲ್ಲಿನ ಗೇರ್ ಲಿವರ್ ಗಟ್ಟಿ ಎನಿಸುತ್ತದೆ, ಸಣ್ಣ ಚಕ್ರಕ್ಕೆ ಇಳಿಸುವಾಗ ಹಾಗೆನಿಸುವುದಿಲ್ಲ. ಕಾರಣ ಈಗ ನಿಮಗೇ ಗೊತ್ತು. ದೊಡ್ಡದಕ್ಕೆ ಹೋಗಲು ಕೇಜ್ ಮುಂದಕ್ಕೆ ಚಾಚಬೇಕು, ಅದು ಕ್ಲಚ್ ತಡೆಯುವ ದಿಕ್ಕು. ಇದು ದೋಷವಲ್ಲ. ಆದರೆ ಕರಾವಳಿಯಲ್ಲಿ ಇದನ್ನೇ ನೆಪಮಾಡಿ ಇನ್ನೊಂದು ದೋಷ ಅಡಗಿಕೊಳ್ಳುತ್ತದೆ. ಕಾರವಾರದ ಉಪ್ಪುಗಾಳಿಗೆ ಗೇರ್ ಕೇಬಲ್ ಕವಚದ ಒಳಗೇ ತುಕ್ಕು ಹಿಡಿದು ಬಿಗಿಯಾಗುತ್ತದೆ, ನಾವು ಕ್ಲಚ್ಚನ್ನು ಬೈಯುತ್ತೇವೆ. ಪರೀಕ್ಷೆ ಸುಲಭ. ಕ್ಲಚ್ ಆಫ್ ಮಾಡಿ ಗೇರ್ ಹಾಕಿ ನೋಡಿ. ಆಗಲೂ ಅಷ್ಟೇ ಗಟ್ಟಿಯಾಗಿದ್ದರೆ ತಪ್ಪು ಕೇಬಲ್ಲಿನದು. ತುಸು ಹಗುರಾಗುವುದು ಸಹಜ, ಥಟ್ಟನೆ ಬಹಳ ಹಗುರಾದರೆ ಕ್ಲಚ್ಚಿನ ಬಿಗಿ ಅತಿಯಾಗಿದೆ.

ಹಿಂದಿನ ಚಕ್ರ ಬಿಚ್ಚುವಾಗಲೂ ಅದೇ ದಿಕ್ಕು. ಚಕ್ರ ಹೊರಬರಲು ಕೇಜ್ ಮುಂದಕ್ಕೆ ಬಗ್ಗಬೇಕು. ಕ್ಲಚ್ ಆನ್ ಇದ್ದರೆ ಚಕ್ರದೊಂದಿಗೆ ಕುಸ್ತಿ ಹಿಡಿದ ಹಾಗಾಗುತ್ತದೆ. ಮೊದಲು ಅತಿ ಸಣ್ಣ ಹಲ್ಲುಚಕ್ರಕ್ಕೆ ಗೇರ್ ಹಾಕಿ, ಕ್ಲಚ್ ಆಫ್ ಮಾಡಿ, ಆಮೇಲೆ ಬಿಚ್ಚಿ. ಮರಳಿ ಹಾಕಿದಮೇಲೆ ಆನ್ ಮಾಡಿ. ಅಳಿಯನ ಸೈಕಲ್ಲಿನಲ್ಲಿ ತಪ್ಪಿಹೋದದ್ದು ಈ ಕೊನೆಯ ಹೆಜ್ಜೆ.

ಉಳಿದ ಅರ್ಧ ಶಬ್ದದ ಕಥೆ ಬಾಕಿ ಇದೆ. ಮರುದಿನ ಶಿರಸಿಯ ಮನೆಯ ಜಗುಲಿಯಲ್ಲಿ ಹಳೆಯ ಪೇಪರ್ ಹಾಸಿ ಸೈಕಲ್ ತಲೆಕೆಳಗು ಮಾಡದೆ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಮೊದಲು ಬೆರಳಿನ ಪರೀಕ್ಷೆ. ಕ್ಲಚ್ ಆಫ್ ಮಾಡಿ ಕೆಳಗಿನ ಪುಲ್ಲಿಯನ್ನು ಮುಂದಕ್ಕೆ ತಳ್ಳಬೇಕು, ಬರೀ ಸ್ಪ್ರಿಂಗಿನ ಬಲ ಕೈಗೆ ತಿಳಿಯುತ್ತದೆ. ಆಮೇಲೆ ಆನ್ ಮಾಡಿ ತಳ್ಳಬೇಕು. ಎರಡರ ನಡುವೆ ಎದ್ದು ಕಾಣುವ ಅಂತರವಿರಬೇಕು. ಇವನದರಲ್ಲಿ ಅಂತರ ಬಹಳ ಕಡಿಮೆ ಇತ್ತು. ಅಷ್ಟೇ ಅಲ್ಲ, ಕೈಬಿಟ್ಟರೆ ಕೇಜ್ ಥಟ್ಟನೆ ಹಿಂದಕ್ಕೆ ಹೋಗದೆ ಅರ್ಧ ದಾರಿಯಲ್ಲಿ ಒಂದು ಕ್ಷಣ ತಡೆದು ಆಮೇಲೆ ಹೋಗುತ್ತಿತ್ತು. ಬಿಗಿಯಿರಬೇಕಾದ ಕಡೆ ಸಡಿಲ, ಸಲೀಸಿರಬೇಕಾದ ಕಡೆ ಬಿಗಿ. ಎರಡೂ ಒಟ್ಟಿಗೆ ಕಂಡರೆ ಒಳಗೆ ಕೊಳೆಯಿದೆ ಎಂದೇ ಲೆಕ್ಕ.

ಕ್ಲಚ್ಚಿನ ಮುಚ್ಚಳಕ್ಕೆ ಪುಟ್ಟ ಸ್ಕ್ರೂಗಳು. ಅವುಗಳನ್ನು ಒಂದು ಸ್ಟೀಲ್ ಬಟ್ಟಲಿಗೆ ಹಾಕಿಟ್ಟೆವು, ಜಗುಲಿಯ ಸಂದಿಗೆ ಬಿದ್ದರೆ ಮತ್ತೆ ಸಿಗುವಂಥವಲ್ಲ. ಮುಚ್ಚಳ ಎತ್ತಿದಾಗ ಅದರ ಕೆಳಗಿನ ರಬ್ಬರ್ ಪಟ್ಟಿ ಒಂದು ಕಡೆ ಮಡಚಿಕೊಂಡಿದ್ದು ಕಂಡಿತು. ನೀರು ಬಂದ ದಾರಿ ಅದೇ. ಒಳಗಿನ ಗ್ರೀಸ್ ಅರ್ಧ ತೊಳೆದುಹೋಗಿ, ಉಳಿದದ್ದು ಕೆಂಪು ರಾಡಿಯೊಂದಿಗೆ ಕಲೆತು ಒಣಗಿ ಬಳೆಯ ಅಂಚಿಗೆ ಗಟ್ಟಿಯಾಗಿ ಕೂತಿತ್ತು. ಪಟ್ಟಿಯ ಮೇಲೆ ತೆಳುವಾಗಿ ತುಕ್ಕಿನ ಬಣ್ಣ. ಅಳಿಯ ಹಳೇ ಬನಿಯನ್ನಿನ ತುಂಡಿನಿಂದ ಒರೆಸುತ್ತ ಹೋದ, ಬಟ್ಟೆ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಉಕ್ಕಿನ ಹೊಳಪು ಬಂತು. ಕ್ಲಚ್ಚಿಗೆಂದೇ ಹೇಳಿರುವ ಗ್ರೀಸನ್ನು ತೆಳ್ಳಗೆ ಹಚ್ಚಿ, ರಬ್ಬರ್ ಪಟ್ಟಿಯನ್ನು ಅದರ ಕಾಲುವೆಯಲ್ಲಿ ಸರಿಯಾಗಿ ಕೂರಿಸಿ ಮುಚ್ಚಿದೆವು.

ಇದನ್ನು ಓದಿ ಬಿಚ್ಚಲು ಹೊರಡುವವರಿಗೆ ಮೂರು ಎಚ್ಚರ. ಮುಚ್ಚಳ ತೆಗೆದು ಒರೆಸಿ ಗ್ರೀಸ್ ಹಚ್ಚುವುದು ಮನೆಯಲ್ಲಿ ಆಗುವ ಕೆಲಸ. ಕೇಜಿನ ಅಚ್ಚನ್ನೇ ಬಿಚ್ಚಿದರೆ ಒಳಗಿನ ಸ್ಪ್ರಿಂಗ್ ಹಾರಿ ಬರುತ್ತದೆ, ಅದನ್ನು ಬಲ್ಲವರಿಗೆ ಬಿಡಿ. ರೋಲರ್ ತುಂಡನ್ನು ಹೊರತೆಗೆದರೆ ಯಾವ ಮುಖ ಮೇಲಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅದನ್ನು ಮಗುಚಿ ಹಾಕಿದರೆ ದಿಕ್ಕೇ ತಿರುಗಿಬಿಡುತ್ತದೆ, ಮುಂದಕ್ಕೆ ಸಲೀಸು, ಹಿಂದಕ್ಕೆ ಬಿಗಿ, ಇರಬೇಕಾದದ್ದಕ್ಕೆ ಪೂರ್ತಿ ಉಲ್ಟಾ. ತುಕ್ಕು ಬಿಡಿಸುವ ತೆಳು ಸ್ಪ್ರೇ ಎಣ್ಣೆಯನ್ನು ಸಂದಿಯಿಂದ ಒಳಗೆ ಹೊಡೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಒಳಗಿನ ಗ್ರೀಸನ್ನು ಅದೂ ತೊಳೆದುಹಾಕುತ್ತದೆ. ದಯವಿಟ್ಟು ಬೇಡ.

ಬಿಗಿ ಹೊಂದಿಸುವುದು ಕೊನೆಗೆ. ಶಿಮಾನೊದ ಬಹುಪಾಲು ಮಾದರಿಗಳಲ್ಲಿ ಇದಕ್ಕೊಂದು ಸಣ್ಣ ಬೋಲ್ಟ್ ಇದೆ, ಸಣ್ಣ ಅಲೆನ್ ಕೀ ಸಾಕು. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬಾರದು. ತಿರುಗಿಸಿದ ಪ್ರತಿ ಸಲವೂ ಬೆರಳಿನ ಪರೀಕ್ಷೆ, ಜೊತೆಗೆ ಅತಿ ದೊಡ್ಡ ಚಕ್ರಕ್ಕೆ ಗೇರ್ ಹಾಕುವ ಪರೀಕ್ಷೆ. ಬಿಗಿ ಅತಿಯಾದರೆ ಆ ಕೊನೆಯ ಚಕ್ರಕ್ಕೆ ಹತ್ತಲು ಚೈನು ತಡಬಡಿಸುತ್ತದೆ. ಸ್ರ್ಯಾಮ್‌ನ ರೋಲರ್ ಕ್ಲಚ್‌ಗಳಲ್ಲಿ ಹೀಗೆ ಸವಾರನೇ ಹೊಂದಿಸಿಕೊಳ್ಳುವ ಸೌಲಭ್ಯವಿಲ್ಲ.

ನಮ್ಮ ಕಡೆಯ ಮಳೆಗಾಲಕ್ಕೆ ಸೈಕಲ್ ತೊಳೆಯುವ ರೀತಿಯೂ ಬದಲಾಗಬೇಕು. ಬೈಕ್ ತೊಳೆಯುವಲ್ಲಿ ಜೋರಾದ ಪೈಪಿನ ನೀರನ್ನು ನೇರ ಡಿರೇಲರ್‌ಗೆ ಹಿಡಿದರೆ ರಾಡಿ ಹೋಗುತ್ತದೆ ನಿಜ, ಅದರ ಒಂದು ಪಾಲು ಒಳಗೂ ಹೋಗುತ್ತದೆ. ಬಕೆಟ್ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಒಣ ಬಟ್ಟೆ ಸಾಕು. ಕಾರವಾರದ ಟ್ಯಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ ಸೈಕಲ್ ಓಡಿಸಲು ಯಾರಿಗೆ ಆಸೆಯಾಗದು, ಆದರೆ ಹಾಗೆ ಓಡಿಸಿದ ದಿನವೇ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ಉಪ್ಪಿಗೆ ಒಂದು ರಾತ್ರಿ ಬಿಡುವು ಕೊಟ್ಟರೂ ಹೆಚ್ಚೇ. ನಾನು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದಮೇಲೆ ಒಮ್ಮೆ ಮುಚ್ಚಳ ತೆಗೆದು ನೋಡುತ್ತೇನೆ.

ಎಲ್ಲರಿಗೂ ಕ್ಲಚ್ ಬೇಕೇ? ಗೇರಿಲ್ಲದ ಸೈಕಲ್ಲಿಗೆ ಬೇಡವೇ ಬೇಡ, ಅಲ್ಲಿ ಮಡಚಿಡಬೇಕಾದ ಚೈನೇ ಇಲ್ಲ. ಶಿರಸಿ ಪೇಟೆಯ ಡಾಂಬರಿನಲ್ಲಿ ಶಾಲೆ ಕಚೇರಿಗೆ ಓಡಾಡುವ, ಮುಂದೆ ಮೂರು ಹಲ್ಲುಚಕ್ರವಿರುವ ಸೈಕಲ್ಲಿಗೂ ಇದಕ್ಕೆಂದು ಹಣ ಹಾಕಬೇಕಾಗಿಲ್ಲ. ತೋಟದ ದಾರಿ, ಬೆಟ್ಟದ ದಾರಿ, ಕದ್ರಾದಿಂದ ಅಣಶಿಗೆ ಹತ್ತುವ ಘಟ್ಟದ ಆಚೀಚೆಯ ಕಾಡುದಾರಿ ಇಂಥಲ್ಲಿ ಓಡಿಸುವವರಿಗೆ, ಅದರಲ್ಲೂ ಮುಂದೆ ಒಂದೇ ಚಕ್ರವಿದ್ದರೆ, ಇದು ಇರಲೇಬೇಕು. ಹಾಗೆಂದು ಕ್ಲಚ್ ಎಲ್ಲದಕ್ಕೂ ಮದ್ದಲ್ಲ. ಚೈನು ಬೇಕಾದ್ದಕ್ಕಿಂತ ಉದ್ದವಿದ್ದರೆ, ಮುಂದಿನ ಚಕ್ರದ ಹಲ್ಲು ಸವೆದಿದ್ದರೆ, ಡಿರೇಲರ್ ಹಿಡಿದಿರುವ ಹ್ಯಾಂಗರ್ ಬಿದ್ದು ಬಾಗಿದ್ದರೆ ಎಷ್ಟು ಬಿಗಿ ಮಾಡಿದರೂ ಚೈನು ಬೀಳುತ್ತದೆ. ಅಳಿಯನ ಸೈಕಲ್ಲಿನಲ್ಲೂ ಹೊಸ ಚೈನನ್ನು ಎರಡು ಕೊಂಡಿ ಉದ್ದ ಬಿಟ್ಟೇ ಹಾಕಿದ್ದರು. ಜಗುಲಿಯಲ್ಲೇ ಅದನ್ನೂ ತೆಗೆದೆವು.

ಎರಡು ವಾರ ಬಿಟ್ಟು ಅದೇ ಮಣ್ಣುದಾರಿಗೆ ಹೋದೆವು. ಈ ಸಲ ಅವನೇ ಮುಂದೆ. ಕೊರಕಲಿನ ಭಾಗ ದಾಟುವಾಗ ಕಿವಿಗೊಟ್ಟೆ. ಟೈರಿನ ಕೆಳಗೆ ಕಲ್ಲು ಸರಿಯುವ ಸದ್ದು, ಫ್ರೀವೀಲಿನ ಟಿಕ್ ಟಿಕ್ ಕೇಳಿತು. ಚೈನು ಕೊಳವೆಗೆ ತಾಗಿದ್ದು ಒಂದೇ ಸಲ, ದೊಡ್ಡ ಬೇರೊಂದನ್ನು ಹಾರಿದಾಗ. ಕೆಳಗೆ ಹಳ್ಳದ ಹತ್ತಿರ ಅವನು ಸೈಕಲ್ ನಿಲ್ಲಿಸಿ ನಾನು ಬರುವ ಮೊದಲೇ ಬಗ್ಗಿ ಕೇಜನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ ಬಿಟ್ಟು ನೋಡುತ್ತಿದ್ದ.